ಯುದ್ಧಕಾಲದ ಸೇನಾ ಪದಕಗಳ ಪತ್ತೆ: ಸೈನಿಕರ ಕುಟುಂಬದವರಿಗೆ ಮಾಹಿತಿ

ಎರಡು ಮಹಾಯುದ್ಧಗಳಲ್ಲಿ ಸೇವೆ ಸಲ್ಲಿಸಿದ ಭಾರತೀಯ ಸೈನಿಕರ ಪದಕಗಳು ಕಾಲಾನಂತರ ಕಳೆದುಹೋಗಿರಬಹುದು, ಮಾರಾಟವಾಗಿರಬಹುದು ಅಥವಾ ಆಸ್ತಿ ವಿಭಾಗದ ಸಮಯದಲ್ಲಿ ಅನ್ಯರ ಕೈಸೇರಿರಬಹುದು. ಅವುಗಳನ್ನು ಪತ್ತೆಹಚ್ಚಲು ಬಯಸುವ ವಾರಸುದಾರರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಸಂಗ್ರಹಿಸಬೇಕಾದ ವಿವರಗಳು

ಸೈನಿಕರ ಸೇವಾ ಸಂಖ್ಯೆ, ದರ್ಜೆ, ಪೂರ್ಣ ಹೆಸರು ಮತ್ತು ರೆಜಿಮೆಂಟ್ ಅತ್ಯಗತ್ಯ. ಒಂದೇ ಹೆಸರಿನ ಹಲವರು ಒಂದೇ ಪಡೆಯಲ್ಲಿ ಇದ್ದಿರಬಹುದು. ಇಂಗ್ಲಿಷಿನಲ್ಲಿ ಹೆಸರಿನ ಕಾಗುಣಿತವೂ ದಾಖಲೆಯಿಂದ ದಾಖಲೆಗೆ ಬದಲಾಗಬಹುದು. ಆದುದರಿಂದ ಸೇವಾ ಸಂಖ್ಯೆಯೇ ಖಚಿತ ಆಧಾರ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಪಾವತಿ ಆದೇಶ ಮತ್ತು ಹಳೆಯ ಪತ್ರಗಳಲ್ಲಿ ಇದನ್ನು ಹುಡುಕತಕ್ಕದ್ದು. ಸಮವಸ್ತ್ರ ಧರಿಸಿದ ಭಾವಚಿತ್ರದಲ್ಲಿನ ರಿಬ್ಬನ್‌ಗಳಿಂದಲೂ ಪದಕಗಳನ್ನು ಗುರುತಿಸಬಹುದಾಗಿದೆ.

2. ಪದಕದ ಮೇಲಿನ ಗುರುತು

ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧ ಪದಕ ಹಾಗೂ ವಿಜಯ ಪದಕಗಳ ಅಂಚಿನಲ್ಲಿ ಮತ್ತು 1914-15ರ ಸ್ಟಾರ್‌ನ ಹಿಂಬದಿಯಲ್ಲಿ ಪಡೆದವರ ಹೆಸರು ಮತ್ತು ಪಡೆಯ ವಿವರ ಇರುತ್ತದೆ. ಎರಡನೆಯ ಮಹಾಯುದ್ಧದ ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್ ಮೊದಲಾದ ಅನೇಕ ಪದಕಗಳು ಹೆಸರಿಲ್ಲದೆ ದೊರೆಯುತ್ತವೆ. ಹೆಸರಿಲ್ಲದ ಪದಕವು ನಿರ್ದಿಷ್ಟ ಸೈನಿಕರದೇ ಎಂದು ಪದಕವೊಂದರಿಂದಲೇ ರುಜುವಾತುಪಡಿಸಲಾಗದು. ಕೇವಲ ಮಾರಾಟಗಾರರ ಹೇಳಿಕೆಯನ್ನು ನಂಬಿ ಹಣ ನೀಡಬಾರದು.

3. ದಾಖಲೆಗಳ ಪರಿಶೀಲನೆ

ಸಂಬಂಧಪಟ್ಟ ರೆಜಿಮೆಂಟಿನ ದಾಖಲೆ ಕಚೇರಿಗೆ ಲಿಖಿತ ಮನವಿ ಸಲ್ಲಿಸಬಹುದು. ಉದಾಹರಣೆಗೆ, ಮದ್ರಾಸ್ ಸ್ಯಾಪರ್ಸ್ ಕೇಂದ್ರವು ಬೆಂಗಳೂರಿನಲ್ಲಿಯೂ ಮದ್ರಾಸ್ ರೆಜಿಮೆಂಟ್ ಕೇಂದ್ರವು ನೀಲಗಿರಿಯ ವೆಲಿಂಗ್ಟನ್‌ನಲ್ಲಿಯೂ ಇವೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಕಾಳಗದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಪಡೆಯು ಸಂಸ್ಥಾನದ ಸೇನೆಯಾಗಿತ್ತು; ಆದ್ದರಿಂದ ಅರ್ಜಿಯಲ್ಲಿ ಸಂಸ್ಥಾನದ ಹೆಸರನ್ನೂ ನಮೂದಿಸತಕ್ಕದ್ದು. ಶೌರ್ಯ ಪದಕವಾಗಿದ್ದಲ್ಲಿ ಲಂಡನ್ ಗೆಜೆಟ್ ಅನ್ನು, ಸೈನಿಕರು ಯುದ್ಧದಲ್ಲಿ ಮಡಿದಿದ್ದಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯನ್ನು ಅಂತರ್ಜಾಲದಲ್ಲಿ ಪರಿಶೀಲಿಸಬಹುದಾಗಿದೆ.

4. ಕಳವಾಗಿದ್ದಲ್ಲಿ

ಪೊಲೀಸ್ ಠಾಣೆಗೆ ದೂರು ನೀಡಿ, ಪದಕದ ಮೇಲಿನ ಬರಹ ಮತ್ತು ಭಾವಚಿತ್ರವನ್ನು ಲಗತ್ತಿಸಿ, ಸ್ವೀಕೃತಿಯನ್ನು ಪಡೆಯತಕ್ಕದ್ದು. ಹರಾಜು ಸಂಸ್ಥೆಗಳ ಪಟ್ಟಿಗಳಲ್ಲಿ ಪಡೆದವರ ಹೆಸರು ಮತ್ತು ಪಡೆಯನ್ನು ಸಾಮಾನ್ಯವಾಗಿ ಪ್ರಕಟಿಸುವುದರಿಂದ ಅವುಗಳನ್ನು ಆಗಾಗ್ಗೆ ಗಮನಿಸುವುದು ಸೂಕ್ತ.

5. ಪದಕ ದೊರೆಯದಿದ್ದಲ್ಲಿ

ಪದಕ ಕಳೆದುಹೋದ ಮಾತ್ರಕ್ಕೆ ಅದನ್ನು ಗಳಿಸಿದ ಸೇವೆಯ ದಾಖಲೆ ರದ್ದಾಗುವುದಿಲ್ಲ. ಆದರೆ ಎಲ್ಲ ಸೇವಾ ದಾಖಲೆಗಳೂ ಕಚೇರಿಗಳಲ್ಲಿ ಉಳಿದಿರುವುದಿಲ್ಲ. ಅನೇಕ ವೇಳೆ ಮನೆಯಲ್ಲಿರುವ ಡಿಸ್ಚಾರ್ಜ್ ಪುಸ್ತಕವೇ ಏಕೈಕ ಪುರಾವೆಯಾಗಿರುತ್ತದೆ. ಆದಕಾರಣ ಹಳೆಯ ಕಾಗದಪತ್ರಗಳನ್ನು ನಾಶಪಡಿಸದೆ, ಪ್ರತಿ ಮಾಡಿಸಿ ಸುರಕ್ಷಿತವಾಗಿ ಇರಿಸಿಕೊಳ್ಳಲು ಕೋರಲಾಗಿದೆ. ಹೆಚ್ಚಿನ ಮಾರ್ಗದರ್ಶನಕ್ಕಾಗಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಸಮೀಪದ ಕಚೇರಿಯನ್ನು ಸಂಪರ್ಕಿಸಬಹುದು.