ಪ್ಲಗ್ ತುದಿಯ ಮಸಿ: ನಮ್ಮೂರ ಎಂಜಿನ್‌ಗಳ ಚರಿತ್ರೆ, 7 ಭಾಗಗಳಲ್ಲಿ

1/7

ಹ್ವಾಯ್, ಮೊದಲ ಫೋಟೋ ಒಮ್ಮೆ ಕಾಣಿ. ಹಳೇ ಪೇಪರಿನ ಮೇಲೆ ಮೂರು ಸ್ಪಾರ್ಕ್ ಪ್ಲಗ್, ನಾಲ್ಕು ಕಪ್ಪು ವೈರ್. ಎಲ್ಲ ನಮ್ಮ ಮಾವನ ಹಳೇ ಓಮ್ನಿಯದ್ದು. ಹೋದ ರಜೆಯಲ್ಲಿ ಅದರ ಹಿಂದಿನ ಸೀಟು ಕಳಚಿ, ಹಲಗೆ ಬಡಿದು, ಹಾಸಿಗೆ ಹಾಕಿ ನಾವು ನಾಲ್ಕು ಜನ 'ಮೋಟರ್‌ಹೋಮ್' ಮಾಡಿದ್ದು ನಿಮಗೆ ಗೊತ್ತೇ ಇದೆ. ಸ್ಟೋರಿ ನೋಡಿ ನಕ್ಕವರಲ್ಲಿ ನೀವೂ ಒಬ್ಬರು.

ಬ್ರಹ್ಮಾವರದಿಂದ ಹೊರಟು ಬೈಂದೂರಿನ ಒತ್ತಿನೆಣೆಗೆ ಹೋಗುವ ಪ್ಲಾನ್. ಕುಂದಾಪುರ ದಾಟುವಾಗಲೇ ಗಾಡಿ ಎಳೆಯಲಿಲ್ಲ. ಮರವಂತೆಯಲ್ಲಿ, ಒಂದು ಕಡೆ ಸಮುದ್ರ ಮತ್ತೊಂದು ಕಡೆ ಸೌಪರ್ಣಿಕಾ ಇರುವ ಆ ಚಂದದ ಜಾಗದಲ್ಲೇ, ಕೆಮ್ಮಿ ಕೆಮ್ಮಿ ನಿಂತಿತು. ಕತ್ತಲಾಗಿತ್ತು. ಫೋನ್ ಮಾಡಿದ ಮೇಲೆ ಸ್ಕೂಟರಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಬಂದರು. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನಡಿ. ಸೀಟು ಎತ್ತಿದರು. ನಾವು ಮೊಬೈಲ್ ಟಾರ್ಚ್ ಹಿಡಿದೆವು. ಅವರು, "ಲೈಟ್ ಆಫ್ ಮಾಡಿ" ಅಂದರು.

ಆಫ್ ಮಾಡಿ ಸ್ಟಾರ್ಟ್ ಮಾಡಿದಾಗ ಕಂಡಿತು. ಒಂದು ವೈರಿನ ಮೈಮೇಲಿಂದ ಸಣ್ಣ ನೀಲಿ ಕಿಡಿ ಟಕ್ ಟಕ್ ಅಂತ ಪಕ್ಕದ ಕಬ್ಬಿಣಕ್ಕೆ ಹಾರುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಅವತ್ತು ರಾತ್ರಿ ಒತ್ತಿನೆಣೆ ತಲುಪಲಿಲ್ಲ. ಆದ್ರೆ ಅವರು ಹೇಳಿದ ಮಾತಿನ ಜಾಡು ಹಿಡಿದು ಹೋದಾಗ ನಮ್ಮೂರಿನ ನೂರು ವರ್ಷದ ಕಥೆ ಸಿಕ್ಕಿತು. ಅದನ್ನೇ ಇಲ್ಲಿ ಹೇಳ್ತೇನೆ.

2/7

ಮೊದಲು ಕಿಡಿ ಅಂದ್ರೆ ಎಂತ ಅಂತ ತಿಳ್ಕೊಳ್ಳಿ. ಪೆಟ್ರೋಲ್ ಎಂಜಿನ್ ಒಳಗೆ ಗಾಳಿ ಮತ್ತು ಪೆಟ್ರೋಲ್ ಆವಿ ಒತ್ತಿ ತುಂಬಿರ್ತದೆ. ಅದಕ್ಕೆ ಸರಿಯಾದ ಕ್ಷಣಕ್ಕೆ ಬೆಂಕಿ ಮುಟ್ಟಿಸಬೇಕು. ಬ್ಯಾಟರಿಯ 12 ವೋಲ್ಟ್ ಇದಕ್ಕೆ ಸಾಲುವುದಿಲ್ಲ. ಕಾಯಿಲ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಒಂದೊಂದೇ ವೈರಿಗೆ ಹಂಚ್ತದೆ. ಪ್ಲಗ್ಗಿನ ತುದಿಯಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ ಸಂದು ಇದೆ. ಕಿಡಿ ಹಾರುವುದು ಅಲ್ಲಿ.

1860ರಲ್ಲಿ ಲೆನ್ವಾರ್ ಎಂಬವರು ಪ್ಯಾರಿಸ್ಸಿನಲ್ಲಿ ಮಾಡಿದ ಗ್ಯಾಸ್ ಎಂಜಿನ್ನಿನಲ್ಲೇ ವಿದ್ಯುತ್ ಕಿಡಿ ಇತ್ತು. ಆದ್ರೆ ರಸ್ತೆಯಲ್ಲಿ ಓಡುವ ಗಾಡಿಗೆ ನಂಬಿಕಸ್ತ ಕಿಡಿ ಸಿಕ್ಕಿದ್ದು 1902ರಲ್ಲಿ, ಜರ್ಮನಿಯ ಬಾಷ್ ಕಂಪನಿಯ ಗಾಟ್ಲೋಬ್ ಹೊನೊಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಪ್ಲಗ್ ಮಾಡಿದಾಗ. ಸುಮಾರು ಹತ್ತು ವರ್ಷ ಕಳೆದು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟ್ ಇರುವ ವ್ಯವಸ್ಥೆ ತಂದರು. ನಮ್ಮ ಓಮ್ನಿಯದ್ದೂ ಹೆಚ್ಚುಕಡಿಮೆ ಅದರ ಮೊಮ್ಮಗುವೇ.

ಲೆಕ್ಕ ಹಾಕಿ: ಆರು ಸಿಲಿಂಡರಿನ ಹಳೇ ಬಸ್ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗಿದರೆ ನಿಮಿಷಕ್ಕೆ 7200 ಕಿಡಿ ಬೇಕು. ಅಂದ್ರೆ ಒಂದೊಂದು ಪ್ಲಗ್ ಸೆಕೆಂಡಿಗೆ 20 ಸಲ ಉರಿಯಬೇಕು. ಒಂದು ತಪ್ಪಿದರೂ ಗಾಡಿ ಕುಂಟ್ತದೆ.

3/7

ಈಗ ನಮ್ಮೂರಿಗೆ ಬನ್ನಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಬ್ರಹ್ಮಾವರ ಉಡುಪಿ ತಾಲೂಕಿನಲ್ಲಿ, ಬೈಂದೂರು ಕುಂದಾಪುರ ತಾಲೂಕಿನಲ್ಲಿ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅಲ್ಲಿಯವರೆಗೆ ನಮಗೆ ಇದ್ದದ್ದು ದೋಣಿ, ಮಂಜಿ, ಎತ್ತಿನ ಗಾಡಿ, ಆಮೇಲೆ ಬಸ್. ಮಂಗಳೂರಿನಲ್ಲಿ ಶುರುವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದ್ರೆ ಅಜ್ಜಂದಿರ ಬಾಯಲ್ಲಿ 'ಸಿಪಿಸಿ', ಆಮೇಲೆ ಹನುಮಾನ್, ಶಂಕರ್ ವಿಠಲ್. ನಿಮ್ಮ ಮನೆಯ ಹಿರಿಯರಿಗೆ ಈ ಹೆಸರು ಹೇಳಿ ನೋಡಿ, ಮುಖ ಅರಳ್ತದೆ.

ಆ ಬಸ್ಸುಗಳು ಪೆಟ್ರೋಲಿನವು. 1926ರಿಂದ ಫೋರ್ಡ್, 1928ರಿಂದ ಜನರಲ್ ಮೋಟರ್ಸ್ ಭಾರತದಲ್ಲೇ ಗಾಡಿ ಜೋಡಿಸಿ ಮಾರುತ್ತಿದ್ದವು. ಅವುಗಳ ಚಾಸಿಸ್ ತಂದು ಮೇಲೆ ಮರದ ಬಾಡಿ ಕಟ್ಟುವುದು ವಾಡಿಕೆ.

ನಮ್ಮ ಕರಾವಳಿಯ ರಸ್ತೆಯನ್ನು ನದಿಗಳು ತುಂಡು ತುಂಡು ಮಾಡಿದ್ದವು. ಉಡುಪಿಯಿಂದ ಬಡಗಿಗೆ ಹೊರಟರೆ ಸ್ವರ್ಣಾ, ಆಮೇಲೆ ಸೀತಾ, ಕುಂದಾಪುರದಲ್ಲಿ ಪಂಚಗಂಗಾವಳಿ. ಸೇತುವೆ ಬರುವ ಮೊದಲು ನದಿ ತನಕ ಒಂದು ಬಸ್, ಕಡವಿನಲ್ಲಿ ದೋಣಿ, ಆಚೆ ದಡದಲ್ಲಿ ಇನ್ನೊಂದು ಬಸ್. ಆಚೆ ದಡದ ಬಸ್ ಸ್ಟಾರ್ಟ್ ಆಗದಿದ್ದರೆ ಕಥೆ ಮುಗೀತು.

ಸ್ಟಾರ್ಟ್ ಮಾಡಿಸುವವ ಯಾರು? ಕ್ಲೀನರ್. ಹೆಸರೇ ಹೇಳ್ತದೆ ಕಾಣಿ. ಬೆಳಗ್ಗೆ ಪ್ಲಗ್ ಕಳಚಿ, ಮಸಿ ಕೆರೆದು, ಪಾಯಿಂಟ್ ತಿಕ್ಕಿ, ವೈರ್ ಒಣ ಬಟ್ಟೆಯಲ್ಲಿ ಒರೆಸಿ, ಮುಂದಿನಿಂದ ಹ್ಯಾಂಡಲ್ ಹೊಡೆಯುವವ. ಆಷಾಢದ ಮಳೆ, ಉಪ್ಪು ಗಾಳಿ. ಡಿಸ್ಟ್ರಿಬ್ಯೂಟರ್ ಒಳಗೆ ಸ್ವಲ್ಪ ತೇವ ಸೇರಿದರೂ ಕಿಡಿ ಸೋರ್ತದೆ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈ ಮುರಿಯುವ ಅಪಾಯವೂ ಇತ್ತು.

4/7

ನಮ್ಮ ಮೆಕ್ಯಾನಿಕ್ ಅವತ್ತು ಮರವಂತೆಯಲ್ಲಿ ಪ್ಲಗ್ ಕೈಯಲ್ಲಿ ಹಿಡಿದು ಹೇಳಿದ್ದು ಇಷ್ಟೇ: "ನಮ್ಮ ಅಪ್ಪಯ್ಯ ಇದ್ದಿಲು ಬಸ್ಸಲ್ ಕ್ಲೀನರ್ ಆಗಿದ್ರ್. ಇದ್ ಎಂತ ಮಸಿ ಮಾರಾಯಾ!"

ಇದ್ದಿಲು ಬಸ್! ಸುಳ್ಳಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂತು. 1942ರಲ್ಲಿ ಬರ್ಮಾ ಜಪಾನೀಯರ ಕೈಗೆ ಹೋದ ಮೇಲೆ ಅಲ್ಲಿನ ಎಣ್ಣೆಯೂ ನಿಂತಿತು. ಇದ್ದ ಪೆಟ್ರೋಲ್ ಸೈನ್ಯಕ್ಕೆ. ಬಸ್ಸಿನ ಹಿಂದೆ ಒಂದು ದೊಡ್ಡ ಕಬ್ಬಿಣದ ಡ್ರಮ್ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಗ್ಯಾಸನ್ನು ಪೈಪಿನಲ್ಲಿ ಎಂಜಿನ್ನಿಗೆ ಕೊಟ್ಟರು.

ಇದು ಹೇಗೆ ಕೆಲಸ ಮಾಡ್ತದೆ ಅಂದ್ರೆ, ಇದ್ದಿಲಿಗೆ ಸಾಕಷ್ಟು ಗಾಳಿ ಕೊಡದೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ತದೆ. ಅದು ಉರಿಯುವ ಅನಿಲ. ಎಂಜಿನ್ ಅದರಲ್ಲಿ ಓಡ್ತದೆ, ಆದ್ರೆ ಶಕ್ತಿ ತುಂಬಾ ಕಡಿಮೆ. ಏರು ಬಂದರೆ ಜನ ಇಳಿದು ದೂಡಬೇಕು. ಆ ಗ್ಯಾಸ್ ನಿಧಾನ ಉರಿಯುವುದರಿಂದ ಕಿಡಿಯನ್ನು ಸ್ವಲ್ಪ ಮುಂಚೆಯೇ ಹೊಡೆಸಬೇಕು, ಅಂದ್ರೆ ಟೈಮಿಂಗ್ ಬದಲಿಸಬೇಕು. ಬೂದಿ, ಧೂಳು, ಟಾರ್ ಎಲ್ಲ ಹೋಗಿ ಕೂರುವುದು ಎಲ್ಲಿ? ಪ್ಲಗ್ ತುದಿಯಲ್ಲಿ.

ಕ್ಲೀನರ್ ಬೆಳಕು ಹರಿಯುವ ಮೊದಲೇ ಎದ್ದು ಇದ್ದಿಲು ತುಂಬಿ, ಬೆಂಕಿ ಹಾಕಿ, ಗಾಳಿ ತಿರುಗಿಸಿ, ಗ್ಯಾಸ್ ಹುಟ್ಟುವ ತನಕ ಕಾಯಬೇಕಿತ್ತು. ಆ ಗ್ಯಾಸಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಹೆಚ್ಚು ಕುಡಿದರೆ ಜೀವ ತೆಗೀತದೆ. ಯುದ್ಧ ಆದದ್ದು ಬರ್ಮಾದಲ್ಲಿ, ಯುರೋಪಿನಲ್ಲಿ. ಅದರ ಮಸಿ ಕೆರೆದದ್ದು ನಮ್ಮೂರಿನ ಹದಿನೈದು, ಹದಿನಾರು ವರ್ಷದ ಹುಡುಗರು. ನಮ್ಮ ಪಠ್ಯಪುಸ್ತಕದ ಎರಡನೇ ಮಹಾಯುದ್ಧದ ಪಾಠದಲ್ಲಿ ಇವರು ಇದ್ದಾರಾ? ನೆನಪು ಮಾಡಿ.

5/7

ಸ್ವಾತಂತ್ರ್ಯ ಬಂದ ಮೇಲೆ ಪ್ಲಗ್ಗಿನ ಕಥೆಗೆ ನಮ್ಮ ರಾಜಧಾನಿ ಬರ್ತದೆ. ಅಲ್ಲಿಯವರೆಗೆ ಪ್ಲಗ್ ಹೆಚ್ಚಾಗಿ ಹಡಗಿನಲ್ಲಿ ಬರುವ ವಿದೇಶಿ ಸಾಮಾನು. 1951ರಲ್ಲಿ ಮೋಟರ್ ಇಂಡಸ್ಟ್ರೀಸ್ ಕಂಪನಿ, ಅಂದ್ರೆ 'ಮೈಕೊ' ಹುಟ್ಟಿತು. ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್ ಸಹಯೋಗದ ಕಾರ್ಖಾನೆ. ಅಲ್ಲಿ ಸ್ಪಾರ್ಕ್ ಪ್ಲಗ್ ಮಾಡಿದರು. ಬೆಂಗಳೂರಿನಲ್ಲಿ ಓದುವವರೇ, ನೀವು ದಿನಾ ಕೇಳುವ 'ಮೈಕೊ ಲೇಔಟ್' ಹೆಸರಿನ ಮೂಲ ಇದೇ ಕಂಪನಿ. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಆಯ್ತು. ಆದ್ರೆ ಈಗಲೂ ನಮ್ಮೂರಿನ ಹಳೇ ಮೆಕ್ಯಾನಿಕ್ ಬಾಯಲ್ಲಿ 'ಒಂದ್ ಮೈಕೊ ಪ್ಲಗ್ ಕೊಡಿ' ಅಂತಲೇ ಬರ್ತದೆ.

ಮಜಾ ಎಂತ ಗೊತ್ತುಂಟಾ? ಅದೇ ಮೈಕೊ ಡೀಸೆಲ್ ಪಂಪನ್ನೂ ಮಾಡಿತು. ಡೀಸೆಲ್ ಎಂಜಿನ್ನಿಗೆ ಪ್ಲಗ್ಗೇ ಬೇಡ. ಗಾಳಿಯನ್ನು ಜೋರಾಗಿ ಒತ್ತಿದರೆ ಅದೇ ಕಾದು ಎಣ್ಣೆಗೆ ಬೆಂಕಿ ಹಿಡೀತದೆ. 1954ರಲ್ಲಿ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ಬಂತು. ನಿಧಾನಕ್ಕೆ ಬಸ್ಸುಗಳೂ ಡೀಸೆಲ್ ಆದವು. ಮಳೆಗಾಲದಲ್ಲಿ ವೈರ್ ಒರೆಸುವ ಕೆಲಸ ಹೋಯ್ತು. ಕ್ಲೀನರ್ ಅನ್ನುವ ಹೆಸರು ಮಾತ್ರ ಉಳಿಯಿತು. ಬಸ್ಸಿನಿಂದ ಕಿಡಿ ಇಳಿದುಹೋಯ್ತು. ಆದ್ರೆ ಊರಿನಿಂದ ಹೋಗಲಿಲ್ಲ.

6/7

ಕಿಡಿ ಹೋದದ್ದು ಸಮುದ್ರಕ್ಕೆ.

1980ರ ದಶಕದಿಂದ ಕರಾವಳಿಯ ನಾಡದೋಣಿಗಳ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಬಂತು. ಹಂಗಾರಕಟ್ಟೆ, ಕೋಡಿ, ಗಂಗೊಳ್ಳಿ, ಮರವಂತೆ, ಕೊಡೇರಿ, ಉಪ್ಪುಂದ, ಎಲ್ಲಿ ಹೋದರೂ ಕಾಣ್ತದೆ. ಅದರಲ್ಲಿ ಸುಮಾರು ಎಂಜಿನ್‌ಗಳು ಸೀಮೆಎಣ್ಣೆಯವು. ಸೀಮೆಎಣ್ಣೆ ಸುಲಭಕ್ಕೆ ಆವಿಯಾಗುವುದಿಲ್ಲ. ಹಾಗಾಗಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್. ಇಲ್ಲದಿದ್ದರೆ ಮರುದಿನ ಪ್ಲಗ್ ಒದ್ದೆ, ಕಪ್ಪು, ಕಿಡಿ ಇಲ್ಲ.

ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟುಗಳಿಗೆ ನಿಷೇಧ. ಆಗ ಕಡಲಿಗೆ ಇಳಿಯುವುದು ನಾಡದೋಣಿ. ಅಂದ್ರೆ ಸಮುದ್ರ ಅತಿ ಹೆಚ್ಚು ಸಿಟ್ಟಿನಲ್ಲಿರುವ ಹೊತ್ತಿಗೇ ಈ ಚಿಕ್ಕ ಪ್ಲಗ್ಗಿನ ಮೇಲೆ ಜೀವ ನಿಂತಿರ್ತದೆ. ಅಳಿವೆ ಬಾಗಿಲಲ್ಲಿ ಅಲೆ ಏಳುವಾಗ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗ್ತದೆ. ಮುಂದಿನ ಅಲೆ ಅದನ್ನು ಮಗುಚ್ತದೆ. ನಾವು ಮರವಂತೆಯಲ್ಲಿ ರಸ್ತೆ ಬದಿ ನಿಂತು ಚಾ ಕುಡಿದೆವು. ಅವರಿಗೆ ರಸ್ತೆ ಬದಿ ಇಲ್ಲ.

ಮೀನುಗಾರರು ಸೀಮೆಎಣ್ಣೆ ಬಳಸಿದ್ದು ಇಷ್ಟಪಟ್ಟಲ್ಲ, ಸಬ್ಸಿಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ. ಆಮೇಲೆ ಹಂಚಿಕೆ ಕಡಿಮೆಯಾಯ್ತು, ಸಮಯಕ್ಕೆ ಬರಲಿಲ್ಲ, ಅದಕ್ಕಾಗಿ ಬೀದಿಗಿಳಿದರು. 2023ರ ರಾಜ್ಯ ಬಜೆಟ್ಟಿನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಎಂಜಿನ್ನಿಗೆ ಹೋಗಲು ತಲಾ 50,000 ರೂಪಾಯಿ ಸಹಾಯಧನ ಘೋಷಣೆ ಆಯ್ತು. 1942ರಲ್ಲಿ ಇದ್ದಿಲು, ಆಮೇಲೆ ಸೀಮೆಎಣ್ಣೆ. ಯಾವ ಎಣ್ಣೆ ಎಷ್ಟಕ್ಕೆ ಸಿಗಬೇಕು ಅಂತ ದೂರದಲ್ಲಿ ತೀರ್ಮಾನ ಆಗ್ತದೆ. ಅದರ ಮಸಿ ಮಾತ್ರ ಪ್ರತೀ ಸಲ ಇಲ್ಲಿ, ಯಾರದ್ದೋ ಉಗುರಿನ ಸಂದಿಯಲ್ಲಿ ಕೂರ್ತದೆ.

7/7

ನಮ್ಮ ಓಮ್ನಿ ಎಂತ ಆಯ್ತು ಅಂತ ಕೇಳ್ತೀರಿ. ಮರುದಿನ ಹೊಸ ಪ್ಲಗ್, ಹೊಸ ವೈರ್ ತಂದು ನಾವೇ ಹಾಕಿದೆವು, ಅವರು ಪಕ್ಕದಲ್ಲಿ ಕೂತು ಹೇಳಿದರು. ನೀವೂ ಕಲಿಯಿರಿ:

🔧 ಎಂಜಿನ್ ಪೂರ್ತಿ ತಣ್ಣಗಾಗಲಿ.
🔧 ವೈರ್ ಹಿಡಿದು ಎಳೆಯಬೇಡಿ, ತುದಿಯ ರಬ್ಬರ್ ಟೋಪಿ ಹಿಡಿದು ತಿರುಚಿ ತೆಗೆಯಿರಿ.
🔧 ಪ್ಲಗ್ ಸುತ್ತಲಿನ ಧೂಳು ಊದಿ, ಆಮೇಲೆ ಪ್ಲಗ್ ಕಳಚಿ.
🔧 ಹೊಸ ಪ್ಲಗ್ಗಿನ ಸಂದು ಗೇಜಿನಲ್ಲಿ ನೋಡಿ. ನಿಮ್ಮ ಗಾಡಿಗೆ ಎಷ್ಟು ಬೇಕು ಅಂತ ಅದರ ಪುಸ್ತಕದಲ್ಲಿ ಇರ್ತದೆ.
🔧 ಮೊದಲು ಕೈಯಲ್ಲೇ ತಿರುಗಿಸಿ. ಹೆಡ್ ಅಲ್ಯೂಮಿನಿಯಂ, ಜೋರು ಮಾಡಿದರೆ ಮರೆ ಹೋಗ್ತದೆ.
🔧 ಒಂದು ವೈರ್ ತೆಗೆದು, ಅದೇ ಜಾಗಕ್ಕೆ ಹೊಸತು ಹಾಕಿ, ಆಮೇಲೆ ಮುಂದಿನದ್ದು.

ಕೊನೆಯದ್ದನ್ನು ನಾನು ಕೇಳಲಿಲ್ಲ. ನಾಲ್ಕೂ ಒಟ್ಟಿಗೆ ಕಿತ್ತೆ. ಯಾವುದು ಯಾವ ಸಿಲಿಂಡರಿನದ್ದು ಅಂತ ಗೊತ್ತಾಗದೆ ನಿಂತಾಗ ಅವರು ನಕ್ಕು, "1-3-2" ಅಂದರು. ಓಮ್ನಿಯ ಮೂರು ಸಿಲಿಂಡರಿಗೆ ಕಿಡಿ ಹೋಗುವ ಕ್ರಮ ಅದು. ಯಾವ ಪುಸ್ತಕವನ್ನೂ ನೋಡಲಿಲ್ಲ. ಹಳೇ ಷೆವರ್ಲೆಯ ಆರು ಸಿಲಿಂಡರಿನದ್ದು ಕೇಳಿದೆ. "1-5-3-6-2-4" ಅಂದರು, ಮಗ್ಗಿ ಹೇಳಿದ ಹಾಗೆ. ಅಪ್ಪ ಕಲಿಸಿದ್ದಂತೆ.

ಕಳಚಿದ ಮೂರು ಪ್ಲಗ್ಗನ್ನು ಅವರು ಒಂದೊಂದಾಗಿ ತೋರಿಸಿದರು. ಒಂದು ತಿಳಿ ಕಂದು: ಸರಿ ಉರಿದದ್ದು. ಒಂದು ಒಣ ಮಸಿ: ಪೆಟ್ರೋಲ್ ಹೆಚ್ಚಾದದ್ದು. ಒಂದು ಒದ್ದೆ: ಕಿಡಿಯೇ ಬಾರದ್ದು, ಆ ಸೋರುವ ವೈರಿನದ್ದು. ನಾವು ಕ್ಲಾಸಿನಲ್ಲಿ ಶಾಸನ ಓದುವುದನ್ನು ಕಲಿತೇವೆ. ಅವರು ಪ್ಲಗ್ ಓದ್ತಾರೆ.

ಮುಂದೆ ಎಲೆಕ್ಟ್ರಿಕ್ ಗಾಡಿಯಲ್ಲಿ ಪ್ಲಗ್ಗೇ ಇರುವುದಿಲ್ಲ. ಒಳ್ಳೆಯದೇ, ಮಸಿ ಕೆರೆಯುವ ಕೆಲಸ ಹೋಗಲಿ. ಆದ್ರೆ ಅದನ್ನು ಕೆರೆದವರ ಮಾತು ಅದರ ಜೊತೆಗೆ ಹೋಗಬಾರದು. ಇದ್ದಿಲು ಬಸ್ಸನ್ನು ಕಣ್ಣಾರೆ ಕಂಡವರಿಗೆ ಈಗ ಎಂಬತ್ತೈದು ದಾಟಿದೆ. ಈ ಭಾನುವಾರ ನಿಮ್ಮ ಅಜ್ಜನ ಹತ್ತಿರ, ಪಕ್ಕದ ಮನೆಯ ಹಳೇ ಡ್ರೈವರ್ ಹತ್ತಿರ, ದೋಣಿಯ ತಂಡೇಲರ ಹತ್ತಿರ ಕೂತು ಫೋನಿನಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿ. ಒಂದೇ ಪ್ರಶ್ನೆ ಸಾಕು: "ಗಾಡಿ ನಿಂತಾಗ ಎಂತ ಮಾಡ್ತಿದ್ರಿ?"

ಸಿಕ್ಕಿದ್ದನ್ನು ನನಗೆ ಕಳಿಸಿ, ಎಲ್ಲ ಒಂದು ಕಡೆ ಸೇರಿಸುವ. ಒತ್ತಿನೆಣೆಗೆ ಮುಂದಿನ ತಿಂಗಳು ಮತ್ತೆ ಹೊರಡುವುದುಂಟು. ಬರುವವರು ಕಮೆಂಟಲ್ಲಿ ಹೇಳಿ. ದೂಡಲು ಜನ ಬೇಕು. 😄

#ನಮ್ಮೂರಚರಿತ್ರೆ #ಕುಂದಾಪ್ರಕನ್ನಡ #ಬೈಂದೂರು #ಬ್ರಹ್ಮಾವರ #ಇದ್ದಿಲುಬಸ್ #ಓಮ್ನಿಮನೆ