ರಾತ್ರಿ ಪಾಳಿಯ ಸೀಮೆಯಲ್ಲಿ ಗೊರಕೆ

ಮಂಡ್ಯದ ಚರಿತ್ರೆಯನ್ನು ನೀರು, ಕಬ್ಬು, ಬೆಲ್ಲದ ಲೆಕ್ಕದಲ್ಲಿ ಬರೆಯುವುದು ರೂಢಿ. ನಿದ್ದೆಗೆಟ್ಟ ರಾತ್ರಿಗಳ ಲೆಕ್ಕದಲ್ಲೂ ಬರೆಯಬಹುದು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಅದನ್ನು ಕಾಯುವವರು ಪಾಳಿಗೆ ಕಟ್ಟುಬಿದ್ದರು. ಕನ್ನಂಬಾಡಿಯ ನೀರು ಇರ್ವಿನ್ ನಾಲೆಗೆ ಬಿದ್ದ ಮೇಲೆ ಕಬ್ಬು ಹಬ್ಬಿತು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಡಿದ ಕಬ್ಬು ಕಾದಷ್ಟೂ ಅದರ ಸಿಹಿ ಇಳಿಯುವುದರಿಂದ ಹಂಗಾಮಿನಲ್ಲಿ ಗಾಣ ನಿಲ್ಲುವಂತಿಲ್ಲ. ಮದ್ದೂರು ಕಡೆಯ ಆಲೆಮನೆಗಳಲ್ಲೂ ಅಷ್ಟೇ. ಒಬ್ಬ ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದರೆ ಇನ್ನೊಬ್ಬ ಕೊಪ್ಪರಿಗೆಯ ಮೇಲೆ ಕಣ್ಣಿಟ್ಟಿರಬೇಕು. ತುಸು ತೂಕಡಿಸಿದರೂ ಪಾಕ ಹದ ಮೀರಿ ಬೆಲ್ಲ ಕರ್ರಗಾಗುತ್ತದೆ. ಪಂಪ್‌ಸೆಟ್ ಬಂದ ಮೇಲಂತೂ ಕರೆಂಟು ಕೊಟ್ಟ ಹೊತ್ತೇ ಗದ್ದೆಗೆ ನೀರು ಕಟ್ಟುವ ಹೊತ್ತಾಯಿತು.

ಈ ಚರಿತ್ರೆ ಹಗಲಿನ ತೂಕಡಿಕೆಗೆ ಮರ್ಯಾದಸ್ಥ ಕಾರಣವೊಂದನ್ನು ಒದಗಿಸಿ, ಒಂದು ಕಾಯಿಲೆಯನ್ನು ಮರೆಮಾಡಿತು ಎಂಬುದು ನನ್ನ ವಾದ. ‘ರಾತ್ರಿಯೆಲ್ಲ ಗದ್ದೆ ತಾವಿದ್ದೆ’ ಎಂದರೆ ಮುಗಿಯಿತು, ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಗೊರಕೆಯಂತೂ ದುಡಿದ ಮೈಯ ಗಡದ್ದು ನಿದ್ದೆಯ ಗುರುತು! ಆದರೆ ಸ್ಲೀಪ್ ಆಪ್ನಿಯ ಎಂಬ ಆ ಕಾಯಿಲೆಯಲ್ಲಿ ಗೊರಕೆಯ ನಡುವೆ ಗಂಟಲು ಮುಚ್ಚಿಕೊಂಡು ಹತ್ತು ಸೆಕೆಂಡೋ ಇನ್ನೂ ಹೆಚ್ಚೋ ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದು ಮಿದುಳು ಬೆಚ್ಚಿ ಎಚ್ಚರಗೊಳ್ಳುತ್ತದೆ, ಬಿಪಿ ಏರುತ್ತದೆ. ರಾತ್ರಿಗೆ ನೂರಾರು ಸಲ ಹೀಗಾದರೆ ಹೃದಯಕ್ಕೆ ಮಲಗಿದಾಗಲೂ ಬಿಡುವಿಲ್ಲ. ಬಿಪಿ ಹಗಲಿಗೂ ಮುಂದುವರಿಯುತ್ತದೆ, ಬಡಿತದ ತಾಳ ತಪ್ಪುತ್ತದೆ. ವೈದ್ಯಲೋಕವೇ ಇದಕ್ಕೆ ಈ ಹೆಸರಿಟ್ಟದ್ದು 1970ರ ದಶಕದಲ್ಲಿ, ಹಾಗಾಗಿ ಆಲೆಮನೆಯವರನ್ನು ದೂರಿ ಫಲವಿಲ್ಲ.

ಇದು ಬೊಜ್ಜಿನವರ ಕಾಯಿಲೆ, ಬೆವರು ಸುರಿಸುವವರಿಗೆಲ್ಲಿಂದ ಬರಬೇಕು ಎನ್ನಬಹುದು. ತೂಕ ದೊಡ್ಡ ಕಾರಣ ಹೌದು. ಆದರೆ ಚಿಕ್ಕ ದವಡೆ, ಇಕ್ಕಟ್ಟಾದ ಗಂಟಲು ಇದ್ದರೆ ಸಣಕಲು ಮೈಗೂ ಬರುತ್ತದೆ. 2016ರ ‘ಸೇವ್’ ಅಧ್ಯಯನದ ಆಕ್ಷೇಪ ಇನ್ನೂ ಗಟ್ಟಿ. ಭಾರತೀಯರೂ ಸೇರಿ 2,700ಕ್ಕೂ ಹೆಚ್ಚು ರೋಗಿಗಳಲ್ಲಿ, ಗಾಳಿ ಒತ್ತುವ ಸಿಪ್ಯಾಪ್ ಮುಖವಾಡದಿಂದ ಹೃದಯಾಘಾತ, ಪಾರ್ಶ್ವವಾಯು ತಗ್ಗಲಿಲ್ಲ. ಆದರೆ ಅವರು ಅದನ್ನು ತೊಟ್ಟದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಆ ಫಲಿತಾಂಶ ಚಿಕಿತ್ಸೆಯ ಮಿತಿಯನ್ನು ಹೇಳುತ್ತದೆ, ಕಾಯಿಲೆಗೂ ಹೃದಯಕ್ಕೂ ನಂಟಿಲ್ಲವೆಂದಲ್ಲ. ಇನ್ನು ರಾತ್ರಿ ಪಾಳಿಯೇ ಹೃದಯಕ್ಕೆ ಕೆಡುಕಲ್ಲವೇ? ಕೆಡುಕೇ. ಆದರೆ ನಿದ್ದೆಗೇಡಿನ ಮಂಪರು ಹಂಗಾಮು ಮುಗಿದು ಕೆಲವು ವಾರ ನೆಟ್ಟಗೆ ಮಲಗಿದರೆ ಇಳಿಯಬೇಕು. ಇಳಿಯದೆ, ಮಾತ್ರೆಗೂ ಬಿಪಿ ಬಗ್ಗದಿದ್ದರೆ, ಗೊರಕೆ ನಡುನಡುವೆ ನಿಲ್ಲುತ್ತದೆಯೇ ಎಂದು ಮನೆಯವರನ್ನು ಕೇಳಬೇಕು. ಮಲಗಿದವನಿಗೆ ಅದು ಗೊತ್ತಿರುವುದಿಲ್ಲ.