ಊರು ಬಿಡದೆ ಓದಿದವರು

ನಮ್ಮ ಹಳ್ಳಿಗಳಲ್ಲಿ ಓದು ಎಂದರೆ ಊರು ಬಿಡುವುದು ಎಂದೇ ಬಹುಕಾಲದ ರೂಢಿ. ಹೈಸ್ಕೂಲಿಗೆ ಹೋಬಳಿ, ಪಿಯುಸಿಗೆ ತಾಲ್ಲೂಕು, ಡಿಗ್ರಿಗೆ ಮೈಸೂರೋ ಧಾರವಾಡವೋ, ಆಮೇಲೆ ಬೆಂಗಳೂರು. ಜಾಣ ಮಕ್ಕಳು ಹೀಗೆ ಒಬ್ಬೊಬ್ಬರಾಗಿ ಹೊರಟುಹೋದ ಮೇಲೆ ಊರಲ್ಲಿ ಒಂದು ಅರ್ಜಿ ಬರೆದುಕೊಡುವವರಿಗೂ ಬರ. ದೂರಶಿಕ್ಷಣ ಈ ರೂಢಿಯನ್ನು ಮುರಿಯಿತು. ಹೊಲ, ಮನೆ, ನೌಕರಿ ಯಾವುದನ್ನೂ ಬಿಡದೆ ಪದವಿ ಪಡೆದವರ ದೊಡ್ಡ ಬಳಗವೊಂದು ಇಂದು ಕರ್ನಾಟಕದಲ್ಲಿದೆ. ಆ ಬಳಗ ಬೆಳೆದ ಬಗೆಯನ್ನೂ ಅದು ತನ್ನ ಜನಕ್ಕೆ ಸಲ್ಲಿಸಿದ ಸೇವೆಯನ್ನೂ ಈ ಸಂಚಿಕೆಯಲ್ಲಿ ದಾಖಲಿಸುವುದು ನಮ್ಮ ಕರ್ತವ್ಯ.

ಭಾರತದಲ್ಲಿ ಅಂಚೆಯ ಮೂಲಕ ಪದವಿ ಪಾಠ ಹೇಳುವ ಪ್ರಯತ್ನ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ 1916ರಲ್ಲಿ ಸ್ಥಾಪಿಸಿದ ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅದೇ ದಾರಿ ಹಿಡಿಯಿತು. ಹಿರಿಯರು ಈಗಲೂ ‘ಅಂಚೆ ತೆರಪಿನ ಶಿಕ್ಷಣ’ ಎಂದು ನೆನೆಯುವುದು ಆ ವ್ಯವಸ್ಥೆಯನ್ನೇ. 1982ರಲ್ಲಿ ಆಂಧ್ರಪ್ರದೇಶ ದೇಶದ ಮೊದಲ ಮುಕ್ತ ವಿಶ್ವವಿದ್ಯಾನಿಲಯವನ್ನು ತೆರೆಯಿತು. 1985ರಲ್ಲಿ ರಾಷ್ಟ್ರಮಟ್ಟದ ಮುಕ್ತ ವಿಶ್ವವಿದ್ಯಾನಿಲಯ ಇಗ್ನೋ ಬಂತು. ನಮ್ಮ ವಿಧಾನಮಂಡಲ 1992ರಲ್ಲಿ ಒಪ್ಪಿದ ಕಾಯ್ದೆಯ ಫಲವಾಗಿ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಯ ನೆರೆಯಲ್ಲೇ ಹೊಸ ವಿಶ್ವವಿದ್ಯಾನಿಲಯದ ಆವರಣ ಮುಕ್ತಗಂಗೋತ್ರಿ ತಲೆಯೆತ್ತಿತು. ‘ಎಲ್ಲರಿಗೂ ಎಲ್ಲೆಡೆ ಉನ್ನತ ಶಿಕ್ಷಣ’ ಅದರ ಧ್ಯೇಯವಾಕ್ಯವಾಯಿತು.

ಆ ದಿನಗಳ ವಿದ್ಯಾರ್ಥಿಗೆ ವಿಶ್ವವಿದ್ಯಾನಿಲಯ ಎಂದರೆ ಪೋಸ್ಟ್‌ಮ್ಯಾನ್ ತಂದುಕೊಡುವ ಪುಸ್ತಕದ ಕಟ್ಟು. ಬ್ಲಾಕ್‌ಗಳಾಗಿ, ಘಟಕಗಳಾಗಿ ಬಿಡಿಸಿ ಬರೆದ ಪಾಠ. ಘಟಕದ ಮೊದಲಿಗೆ ಉದ್ದೇಶಗಳು, ಕೊನೆಗೆ ತಾನೇ ಉತ್ತರಿಸಿಕೊಂಡು ನೋಡಬೇಕಾದ ಪ್ರಶ್ನೆಗಳು. ಮೇಷ್ಟರು ಎದುರಿಗಿಲ್ಲದ ಕೊರತೆಯನ್ನು ಪುಸ್ತಕವೇ ತುಂಬಬೇಕಿತ್ತು. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಎಂ.ಎ. ಮಟ್ಟದವರೆಗೂ ಕನ್ನಡದಲ್ಲೇ ಓದಲು ಸಿಕ್ಕಿದ್ದು ಎಷ್ಟೋ ಜನಕ್ಕೆ ಈ ಪುಸ್ತಕಗಳಿಂದ. ಕೆಎಎಸ್ ಪರೀಕ್ಷೆಗೆ ಕೂರುವ ಹುಡುಗರು ‘ಮುಕ್ತ ವಿವಿ ಬುಕ್ಸ್ ಇದೆಯಾ?’ ಎಂದು ಇಂದಿಗೂ ಹುಡುಕುತ್ತಾರೆ. ಅಕ್ಕ ಓದಿ ಮುಗಿಸಿದ ಬ್ಲಾಕ್ ತಮ್ಮನ ಕೈಗೆ, ಅಲ್ಲಿಂದ ಪಕ್ಕದ ಬೀದಿಯ ಹುಡುಗಿಯ ಕೈಗೆ. ದೂರಶಿಕ್ಷಣದ ಪದವೀಧರರು ಊರಿಗೆ ಕೊಟ್ಟ ಮೊದಲ ಕಾಣಿಕೆ ಹೀಗೆ ಕೈ ಬದಲಾಯಿಸುತ್ತಾ ಹೋದ ಈ ಪುಸ್ತಕಗಳೇ.

ದೂರಶಿಕ್ಷಣದವರಿಗೆ ಆಗಾಗ ನಡೆಯುತ್ತಿದ್ದ ಸಂಪರ್ಕ ತರಗತಿಗಳಲ್ಲಿ ಮುಖಾಮುಖಿ ಪಾಠ ಮಾಡುತ್ತಿದ್ದ ನನಗೆ ಒಬ್ಬ ವಿದ್ಯಾರ್ಥಿನಿ ಮರೆಯುವಂತಿಲ್ಲ. ಆಕೆ ಗ್ರಾಮ ಪಂಚಾಯಿತಿಯ ಚುನಾಯಿತ ಸದಸ್ಯೆ, ಬಿ.ಎ. ಓದುತ್ತಿದ್ದರು. ಪಂಚಾಯಿತಿಗಳ ಕುರಿತ ಸಂವಿಧಾನದ 73ನೇ ತಿದ್ದುಪಡಿಯ ಪಾಠ ನಡೆದಿತ್ತು. ಉಳಿದವರು ಪರೀಕ್ಷೆಗೆ ಯಾವ ಪ್ರಶ್ನೆ ಬರಬಹುದು ಎಂದು ಕೇಳುತ್ತಿದ್ದರೆ, ಆಕೆ ಎದ್ದು ನಿಂತು, ‘ಸಾರ್, ಕೋರಂ ಇಲ್ಲದ ಗ್ರಾಮಸಭೆಯಲ್ಲಿ ಆದ ಠರಾವಿಗೆ ಬೆಲೆ ಇದೆಯಾ?’ ಎಂದರು. 1993ರ ಪಂಚಾಯತ್ ರಾಜ್ ಕಾಯ್ದೆಯನ್ನು ತರಿಸಿಕೊಂಡು ಆ ಭಾಗವನ್ನು ಒಟ್ಟಿಗೆ ಓದಿದೆವು. ಮುಂದಿನ ಗ್ರಾಮಸಭೆಗೆ ಆಕೆ ಅದೇ ಪುಟದ ಜೆರಾಕ್ಸ್ ಹಿಡಿದು ಹೋದರು, ಜನ ಸೇರುವ ತನಕ ಸಭೆ ಶುರುಮಾಡಲು ಬಿಡಲಿಲ್ಲ. ಡಿಗ್ರಿ ಕೈಗೆ ಬರುವ ಮೊದಲೇ ಅದರ ಫಲ ಊರಿಗೆ ದಕ್ಕಿತ್ತು.

ದೂರಶಿಕ್ಷಣದ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ. ನಗರದಲ್ಲಿ ಓದಿದವರು ಊರಿನ ಋಣ ತೀರಿಸಬೇಕಾದರೆ ಮೊದಲು ಊರಿಗೆ ಮರಳಬೇಕು. ಊರಲ್ಲೇ ಇದ್ದು ಓದಿದವರಿಗೆ ಆ ಮಾತೇ ಇಲ್ಲ. ಬೆಳಿಗ್ಗೆ ಕಲಿತದ್ದು ಸಂಜೆ ಕೆಲಸಕ್ಕೆ ಬರುತ್ತದೆ. ಅಂಗನವಾಡಿ ಕಾರ್ಯಕರ್ತೆ, ಬಸ್ ಕಂಡಕ್ಟರ್, ಪೊಲೀಸ್ ಪೇದೆ, ಸ್ವಸಹಾಯ ಸಂಘದ ಲೆಕ್ಕ ಬರೆಯುವಾಕೆ, ಕೆಲಸದಲ್ಲಿದ್ದುಕೊಂಡೇ ಬಿ.ಎಡ್. ಮುಗಿಸಿದ ಪ್ರಾಥಮಿಕ ಶಾಲೆಯ ಮೇಷ್ಟರು, ಇವರೆಲ್ಲ ಸಂಪರ್ಕ ತರಗತಿಯ ಬೆಂಚುಗಳಲ್ಲಿ ಜೊತೆಯಾಗಿ ಕೂತವರು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿ, ‘ವಿದ್ಯಾಗಮ’ದ ಅಡಿ ಶಿಕ್ಷಕರು ಅರಳಿಕಟ್ಟೆ, ದೇವಸ್ಥಾನದ ಜಗಲಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದಾಗ ಅವರ ನಡುವೆ ದೂರಶಿಕ್ಷಣದವರೂ ಇದ್ದರು. ಮೇಷ್ಟರಿಲ್ಲದೆ ಪುಸ್ತಕ ಹಿಡಿದು ಕೂರುವ ಕಷ್ಟ ಅವರಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು.

ಹಾದಿ ಸುಗಮವಾಗಿಯೇನೂ ಇರಲಿಲ್ಲ. 2013–14ರ ಸಾಲಿನಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಯುಜಿಸಿ ಮಾನ್ಯತೆ ತಪ್ಪಿದ್ದರಿಂದ ಸಾವಿರಾರು ವಿದ್ಯಾರ್ಥಿಗಳು ಆತಂಕದಲ್ಲಿ ದಿನ ದೂಡಿದರು. 2018ರಲ್ಲಿ ಮಾನ್ಯತೆ ಮರಳಿತು. ಈಗ ಅಂಚೆಯ ಕಟ್ಟಿನ ಜೊತೆಗೆ ಮೊಬೈಲಿನ ಪರದೆಯೂ ತರಗತಿಯಾಗಿದೆ. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ವೇದಿಕೆ ಬಂತು. ಯುಜಿಸಿ 2020ರ ನಿಯಮಾವಳಿಯಲ್ಲಿ ಪೂರ್ಣ ಆನ್‌ಲೈನ್ ಪದವಿಗಳಿಗೆ ಸ್ಪಷ್ಟ ಚೌಕಟ್ಟು ಕೊಟ್ಟಿತು.

ಆದರೆ ಹೊಸ ಬಾಗಿಲಿಗೆ ಹೊಸ ಬೀಗಗಳೂ ಇವೆ. ಪ್ರವೇಶ ಪಡೆಯುವವರು ಇಂದು ಕಲಿಕೆಯ ಕ್ರೆಡಿಟ್‌ಗಳನ್ನು ಕೂಡಿಡುವ ಎಬಿಸಿ ಐಡಿ, ಯುಜಿಸಿಯ ದೂರಶಿಕ್ಷಣ ವಿಭಾಗದ ಡಿಇಬಿ ಐಡಿ ಮಾಡಿಸಬೇಕು. ಆಧಾರ್‌ನಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ತಾಳೆಯಾಗಬೇಕು. ಒಟಿಪಿ ಬರಬೇಕು, ದಾಖಲೆ ಅಪ್‌ಲೋಡ್ ಆಗಬೇಕು. ಮನೆಯಲ್ಲಿ ಮೊದಲ ಸಲ ಕಾಲೇಜಿನ ಮಾತೆತ್ತಿದ ಹೆಣ್ಣುಮಗಳು ಪಾಠಕ್ಕೆ ಹೆದರುವವಳಲ್ಲ, ಈ ಅರ್ಜಿಯ ಮುಂದೆ ಸೋತು ಹಿಂದೆ ಸರಿಯುತ್ತಾಳೆ. ಹಳೆಯ ವಿದ್ಯಾರ್ಥಿಗಳು ಮಾಡಬಹುದಾದ ಅತಿ ದೊಡ್ಡ ಉಪಕಾರ ಇಲ್ಲಿದೆ. ಪ್ರವೇಶದ ತಿಂಗಳುಗಳಲ್ಲಿ ಪ್ರತಿ ಹೋಬಳಿಯ ಗ್ರಂಥಾಲಯದಲ್ಲಿ ವಾರಕ್ಕೊಂದು ಸಂಜೆ ನಮ್ಮವರೊಬ್ಬರು ಕೂರಲಿ. ಅರ್ಜಿ ತುಂಬಿಕೊಡಲಿ, ಮೊದಲ ಅಸೈನ್‌ಮೆಂಟ್ ಬರೆಯುವ ಬಗೆ ತೋರಿಸಲಿ, ಪರೀಕ್ಷೆಯ ಹಿಂದಿನ ವಾರ ಒಂದು ಫೋನ್ ಮಾಡಿ ಧೈರ್ಯ ಹೇಳಲಿ. ಹಣ ಕೂಡಿಸುವ ಕೆಲಸ ಇದಲ್ಲ. ಸಮಯ ಕೊಟ್ಟರೆ ಸಾಕು. ಈ ಸಂಚಿಕೆ ಕೈಗೆತ್ತಿಕೊಂಡ ಪ್ರತಿಯೊಬ್ಬ ಪದವೀಧರರೂ ಈ ವರ್ಷ ತಮ್ಮ ಊರಿನ ಒಬ್ಬರನ್ನಾದರೂ ಪ್ರವೇಶದಿಂದ ಪದವಿಯವರೆಗೆ ಕೈಹಿಡಿದು ನಡೆಸುವ ಹೊಣೆ ಹೊರಬೇಕೆಂದು ನನ್ನ ಪ್ರಾರ್ಥನೆ.